ಒಂದೇ ಮಣೆಯ ಮೇಲೆ



‘ಕಾನ್ವೆಂಟು’ ಎಂಬ ಮಾತು ನಮ್ಮ ಕನ್ಯಾಸ್ತ್ರೀಯರ ಮಠಗಳಿಂದ ಹೊರಟು ಇಂದು ಮಂಡ್ಯ ಜಿಲ್ಲೆಯ ಮೂಲೆಮೂಲೆಯನ್ನೂ ತಲುಪಿದೆ. ಕೃಷ್ಣರಾಜಪೇಟೆ ಕಡೆಯ ರೈತರೊಬ್ಬರು “ಮಗನ್ನ ಕಾನ್ವೆಂಟಿಗೆ ಹಾಕಿದ್ದೀವಿ ಸ್ವಾಮಿ” ಎಂದರೆ ಆ ಶಾಲೆಯಲ್ಲಿ ಕನ್ಯಾಸ್ತ್ರೀಯರು ಇದ್ದಾರೆಂದು ಅರ್ಥವಲ್ಲ. ಶುಲ್ಕ ಪಡೆಯುವ, ಇಂಗ್ಲಿಷಿನಲ್ಲಿ ಕಲಿಸುವ, ಮಕ್ಕಳ ಕೊರಳಿಗೆ ಟೈ ಕಟ್ಟಿಸುವ, ಬೆಳಿಗ್ಗೆ ಊರಬಾಗಿಲಿಗೆ ವ್ಯಾನು ಕಳುಹಿಸುವ ಯಾವ ಶಾಲೆಯಾದರೂ ಅವರಿಗೆ ಕಾನ್ವೆಂಟೇ. ನಮ್ಮಿಂದ ಹೋದ ಪದವಾದ್ದರಿಂದ, ಅದರ ಜೊತೆಗೆ ಏನೇನು ಹೋಗಿದೆ ಎಂದು ವಿಚಾರಿಸುವ ಹೊಣೆಯೂ ನಮಗೆ ಸ್ವಲ್ಪ ಇದೆಯೆಂದು ನನಗೆ ಅನ್ನಿಸುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ರಸ್ತೆಗಳಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಪ್ರಯಾಣ ಮಾಡಿದವರಿಗೆ ಆ ಹಳದಿ ವ್ಯಾನುಗಳು ಪರಿಚಿತ. ಅವು ಹಾಲಿನ ಡೈರಿಯ ಮುಂದೆ ನಿಲ್ಲುತ್ತವೆ, ಅರಳಿಕಟ್ಟೆಯ ಬಳಿ ನಿಲ್ಲುತ್ತವೆ. ಊರಾಚೆಯ ಎ.ಕೆ. ಕಾಲೊನಿಯ ಮುಂದೆ ನಿಲ್ಲುವುದು ಅಪರೂಪ. ವ್ಯಾನು ಹೊರಟುಹೋದ ಮೇಲೆ ಊರಿನ ಸರ್ಕಾರಿ ಶಾಲೆಯ ಗಂಟೆ ಬಾರಿಸುತ್ತದೆ. ನಾನು ಕಂಡ ಎಷ್ಟೋ ಶಾಲೆಗಳಲ್ಲಿ ಆ ಗಂಟೆಗೆ ಓಡಿಬರುವವರು ಹೆಚ್ಚಾಗಿ ಕೇರಿಯ ಮಕ್ಕಳು, ಇಲ್ಲವೇ ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದವರ ಮಕ್ಕಳು. ಹೀಗಾಗಲಿ ಎಂದು ಯಾರೂ ಆಜ್ಞೆ ಹೊರಡಿಸಿಲ್ಲ, ಯಾರೂ ಫಲಕ ಬರೆಸಿಲ್ಲ. ಆದರೆ ಊರಿನ ಮಕ್ಕಳು ಒಂದು ಕಡೆ, ಕೇರಿಯ ಮಕ್ಕಳು ಇನ್ನೊಂದು ಕಡೆ ಓದುವ ಕಾಲ ಹಿಂದೆಯೂ ಒಂದಿತ್ತು. ಅದನ್ನು ಮುಗಿಸಲು ಈ ನಾಡಿನಲ್ಲಿ ನೂರು ವರ್ಷ ಹಿಡಿಯಿತು. ಆ ಶ್ರಮದಿಂದ ದೊರೆತದ್ದೇನು, ಈಗ ಸದ್ದಿಲ್ಲದೆ ಕೈಜಾರುತ್ತಿರುವುದೇನು ಎಂಬುದನ್ನು ಈ ತಿಂಗಳು ನಿಮ್ಮೊಂದಿಗೆ ಕೂಡಿ ಯೋಚಿಸಬೇಕೆಂದಿದ್ದೇನೆ.

ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವ ಪದ್ಧತಿಯನ್ನು ಮುರಿದ ದೇಶವೆಂದೊಡನೆ ಲೋಕಕ್ಕೆ ನೆನಪಾಗುವುದು ಅಮೆರಿಕ. ಆದರೆ ಆ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗಿಂತ ಮೊದಲು ನಮ್ಮ ಧಾರವಾಡದಲ್ಲಿ ಎದ್ದಿತ್ತು. 1856ರ ಜೂನ್ ತಿಂಗಳಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಅರ್ಜಿ ಸಲ್ಲಿಸಿದ. ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ನ್ಯಾಯ ಹುಡುಗನ ಪಕ್ಷದಲ್ಲಿದೆಯೆಂದು ಸರ್ಕಾರ ಒಪ್ಪಿಕೊಂಡಿತು. ಆದರೆ ಒಬ್ಬನಿಗಾಗಿ ಬಾಗಿಲು ತೆರೆದರೆ ಉಳಿದವರೆಲ್ಲ ಶಾಲೆ ಬಿಟ್ಟುಹೋದಾರು, ಆಗ ಶಾಲೆ ಇದ್ದೂ ಇಲ್ಲದಂತಾದೀತು ಎಂದು ಲೆಕ್ಕ ಹಾಕಿ ಅವನನ್ನು ಹೊರಗೇ ಉಳಿಸಿತು. ಎರಡು ವರ್ಷದ ತರುವಾಯ, 1858ರಲ್ಲಿ, ಸರ್ಕಾರದ ಪೂರ್ಣ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ಪ್ರಜೆಗಳಿಗೂ ಸೇರಿದವು ಎಂಬ ತತ್ವವನ್ನು ಲಂಡನ್ನಿನ ಕಂಪನಿ ಆಡಳಿತ ಎತ್ತಿಹಿಡಿಯಿತು. ಡಾ. ಅಂಬೇಡ್ಕರರು ಸೈಮನ್ ಆಯೋಗಕ್ಕೆ ಸಲ್ಲಿಸಿದ ಮನವಿಯಲ್ಲಿ ಈ ಧಾರವಾಡದ ಪ್ರಕರಣವನ್ನು ವಿಸ್ತಾರವಾಗಿ ಎತ್ತಿ ತೋರಿಸಿದ್ದಾರೆ. ತತ್ವ ಕಾಗದದ ಮೇಲಿತ್ತು. ಹುಡುಗರು ಬಹುಕಾಲ ಜಗುಲಿಯ ಮೇಲೇ ಇದ್ದರು. ಮುಂಬಯಿ ಸರ್ಕಾರದ ಆ ಲೆಕ್ಕಾಚಾರವನ್ನು ಮಾತ್ರ ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅದು ಮುಂದೆ ಮತ್ತೆ ಬರುತ್ತದೆ.

ನಮ್ಮ ಹಳೇ ಮೈಸೂರಿನ ಕಥೆ ಇನ್ನೊಂದು ಬಗೆಯದು. ಇಲ್ಲಿ ಮೊದಲು ಹುಟ್ಟಿದ್ದು ಪ್ರತ್ಯೇಕ ‘ಪಂಚಮ ಶಾಲೆ’ಗಳು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1890ರ ದಶಕದಲ್ಲಿ ದಲಿತ ಮಕ್ಕಳಿಗಾಗಿ ಬೇರೆಯೇ ಶಾಲೆ ತೆರೆದರು. ಇದ್ದ ಶಾಲೆಗಳು ಆ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣ. ಅಂಥ ಶಾಲೆಗಳನ್ನು ಹಗುರವಾಗಿ ನೋಡಬಾರದು. ಮೊದಲ ತಲೆಮಾರಿಗೆ ಅಕ್ಷರ ಸಿಕ್ಕಿದ್ದು ಬಹುಮಟ್ಟಿಗೆ ಅಲ್ಲಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂದಿತು. ಆ ದಶಕದಲ್ಲಿಯೇ ಸರ್ಕಾರಿ ಶಾಲೆಗಳ ಬಾಗಿಲನ್ನು ಪಂಚಮ ಮಕ್ಕಳಿಗೂ ತೆರೆಯುವ ನಿರ್ಧಾರವಾಯಿತು. ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಸಿ.ಆರ್. ರೆಡ್ಡಿಯವರ ಹೆಸರು ಈ ಕಾರ್ಯಕ್ಕೆ ಅಂಟಿಕೊಂಡಿದೆ. ಪ್ರತಿಭಟಿಸಿ ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡ ಊರುಗಳೂ ಇದ್ದವು. ಬಾಗಿಲು ತೆರೆದ ಮೇಲೂ ಒಳಗೆ ಯಾರು ಎಲ್ಲಿ ಕೂರಬೇಕೆಂಬುದನ್ನು ಇಲಾಖೆ ತೀರ್ಮಾನಿಸಲಿಲ್ಲ, ಊರು ತೀರ್ಮಾನಿಸಿತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ರಾಮಾನುಜಾಚಾರ್ಯರು ಅಸ್ಪೃಶ್ಯರೆನಿಸಿಕೊಂಡವರನ್ನು ‘ತಿರುಕುಲದವರು’ ಎಂದು ಕರೆದು ಗೌರವಿಸಿದರು, ವರ್ಷದಲ್ಲಿ ಕೆಲವು ದಿನ ಚೆಲುವನಾರಾಯಣನ ಗುಡಿಯೊಳಗೆ ಅವರಿಗೆ ಪ್ರವೇಶವಿತ್ತರು ಎಂಬ ಪರಂಪರೆ ಅಲ್ಲಿದೆ. ಒಂಬೈನೂರು ವರ್ಷಗಳ ಹಿಂದೆ ಅದು ಸಣ್ಣ ಮಾತಲ್ಲ. ಆದರೆ ವರ್ಷಕ್ಕೆ ಕೆಲವು ದಿನದ ಪ್ರವೇಶಕ್ಕೂ ದಿನವೂ ಹತ್ತರಿಂದ ನಾಲ್ಕರವರೆಗೆ ಒಂದೇ ಕೊಠಡಿಯಲ್ಲಿ ಕುಳಿತಿರುವುದಕ್ಕೂ ಅಂತರವಿದೆ. ಹಬ್ಬದ ದಿನ ಎಲ್ಲರೂ ಒಳ್ಳೆಯವರಾಗಬಹುದು. ಶಾಲೆ ಎಂಬುದು ಹಬ್ಬವಿಲ್ಲದ ದಿನಗಳ ವಿಚಾರ.

ಅನ್ಯರ ಗುಡಿಯ ಮಾತಾಡಿ ನಮ್ಮ ದೇವಾಲಯದ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅಬ್ಬೆ ದುಬಾಯ್ ಅವರ ಹೆಸರಿನ ದೇವಾಲಯವನ್ನು ತಮ್ಮಲ್ಲಿ ಹಲವರು ಸಂದರ್ಶಿಸಿದ್ದೀರಿ. 1799ರಲ್ಲಿ ಟಿಪ್ಪುವಿನ ಪತನದ ನಂತರ ಚದುರಿಹೋಗಿದ್ದ ನಮ್ಮ ಹಿರಿಯರನ್ನು ಮತ್ತೆ ಒಂದುಗೂಡಿಸಿದ ಆ ಫ್ರೆಂಚ್ ಗುರುಗಳನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಸಿಡುಬಿನ ಲಸಿಕೆ ಹಾಕಿಸಲು ಅವರು ಪಟ್ಟ ಪರಿಶ್ರಮ ಪ್ರಸಿದ್ಧವಾದದ್ದು. ಹೊಲಗೇರಿಯ ಜನರ ದುಃಸ್ಥಿತಿಯನ್ನು ಮರುಕದಿಂದ ಬರೆದಿಟ್ಟವರೂ ಅವರೇ. ಆದರೂ ಅದೇ ಗ್ರಂಥದಲ್ಲಿ ಜಾತಿವಿಭಾಗವನ್ನು ಹಿಂದೂ ಶಾಸನಕರ್ತರ ಅತ್ಯುತ್ತಮ ಸೃಷ್ಟಿಯೆಂದು ಹೊಗಳಿದ್ದಾರೆ! ಅವರಿಗಿಂತ ಮೊದಲು ಪುದುಚೇರಿಯ ನಮ್ಮ ದೇವಾಲಯದೊಳಗೆ ಜಾತಿಗಳ ನಡುವೆ ಗೋಡೆಯೇ ಇತ್ತು. ದಲಿತ ಕ್ರೈಸ್ತರು ಗುರುಗಳ ಮುಂದೆ ನಿಂತು ನ್ಯಾಯ ಕೇಳಿದ ಮೇಲೆ 1745ರಲ್ಲಿ ಅದನ್ನು ಕೆಡವಲಾಯಿತೆಂದು ಆನಂದರಂಗ ಪಿಳ್ಳೆಯವರ ದಿನಚರಿಯಿಂದ ತಿಳಿಯುತ್ತದೆ. ಕೇಳಿದವರು ಯಾರೆಂಬುದನ್ನು ಗಮನಿಸಿರಿ. ಗೋಡೆಯನ್ನು ಕಟ್ಟಿಕೊಂಡವರಿಗೆ ಅದು ಕಾಣಿಸುವುದು ಕಡಿಮೆ.

ಈಗ ಅಮೆರಿಕದ ಕಡೆಗೆ ಬರೋಣ. ಅಲ್ಲಿನ ಸುಪ್ರೀಂ ಕೋರ್ಟು 1896ರಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ವ್ಯವಸ್ಥೆ ಇರಬಹುದು, ಎರಡೂ ಸಮಾನವಾಗಿದ್ದರೆ ಸಾಕು ಎಂದು ತೀರ್ಪಿತ್ತಿತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ದಕ್ಷಿಣದ ರಾಜ್ಯಗಳು ಆ ತೀರ್ಪಿನ ನೆರಳಿನಲ್ಲಿ ಶಾಲೆ ನಡೆಸಿದವು. ಬೇರೆ ಮಾಡುವುದು ತಪ್ಪದೆ ನಡೆಯಿತು, ಸಮಾನ ಮಾಡುವುದು ನಡೆಯಲಿಲ್ಲ. ಕಾನ್ಸಾಸ್ ರಾಜ್ಯದ ಟೊಪೀಕಾ ನಗರದಲ್ಲಿ ಲಿಂಡಾ ಬ್ರೌನ್ ಎಂಬ ಬಾಲಕಿಗೆ ಮನೆಯ ಸಮೀಪದ ಶಾಲೆ ದೊರೆಯಲಿಲ್ಲ. ಅವಳ ತಂದೆಯೂ ಇತರ ಪಾಲಕರೂ ಹೂಡಿದ ದಾವೆಯಲ್ಲಿ 1954ರ ಮೇ 17ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಅವರ ಪೀಠ ಒಮ್ಮತದಿಂದ ಹಳೆಯ ತತ್ವವನ್ನು ತಳ್ಳಿಹಾಕಿತು. ಮಕ್ಕಳನ್ನು ಬೇರ್ಪಡಿಸುವುದರಲ್ಲಿಯೇ ಅಸಮಾನತೆ ಇದೆ ಎಂದು ಹೇಳಿತು. ಮನಶ್ಶಾಸ್ತ್ರಜ್ಞ ದಂಪತಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಕರಿಯ ಮಕ್ಕಳ ಮುಂದೆ ಬಿಳಿಯ ಬೊಂಬೆ, ಕಂದು ಬೊಂಬೆ ಇಟ್ಟು ಯಾವುದು ಒಳ್ಳೆಯದೆಂದು ಕೇಳಿದ್ದರು. ಬಹುಪಾಲು ಮಕ್ಕಳು ಬಿಳಿಯ ಬೊಂಬೆಯತ್ತ ಕೈ ತೋರಿದರು. ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ ಇದೂ ಒಂದು.

ತೀರ್ಪಿನ ನಂತರದ ಕಥೆ ನಮಗೆ ಹೆಚ್ಚು ಹತ್ತಿರದ್ದು. 1957ರಲ್ಲಿ ಲಿಟ್ಲ್ ರಾಕ್ ನಗರದ ಶಾಲೆಗೆ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಸೇರಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯವನ್ನೇ ಕಳುಹಿಸಬೇಕಾಯಿತು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಎಂಬ ಜಿಲ್ಲೆ 1959ರಿಂದ 1964ರವರೆಗೆ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದು ನಿಂತಿತು, ಕರಿಯ ಮಕ್ಕಳಲ್ಲಿ ಹೆಚ್ಚಿನವರಿಗೆ ಯಾವ ಶಾಲೆಯೂ ಇಲ್ಲವಾಯಿತು. 1960ರಲ್ಲಿ ನ್ಯೂ ಆರ್ಲಿಯನ್ಸ್‌ನ ಶಾಲೆಯೊಂದಕ್ಕೆ ಆರು ವರ್ಷದ ರೂಬಿ ಬ್ರಿಜಸ್ ಕಾವಲುಗಾರರ ನಡುವೆ ನಡೆದುಹೋದಾಗ ಬಿಳಿಯ ಪಾಲಕರು ಮಕ್ಕಳ ಕೈಹಿಡಿದು ಹೊರನಡೆದರು. ಬಾರ್ಬರಾ ಹೆನ್ರಿ ಎಂಬ ಶಿಕ್ಷಕಿ ವರ್ಷವಿಡೀ ಆ ಒಂದೇ ಮಗುವಿಗೆ ಪಾಠ ಹೇಳಿದರು. ಧಾರವಾಡದ ಹುಡುಗನನ್ನು ಹೊರಗಿಟ್ಟವರು ಹೆದರಿದ್ದು ಇದಕ್ಕೇ. ನ್ಯೂ ಆರ್ಲಿಯನ್ಸ್‌ನಲ್ಲಿ ಆ ಭಯ ನಿಜವೇ ಆಯಿತು, ಆದರೂ ಶಾಲೆ ಮುಚ್ಚಲಿಲ್ಲ, ರೂಬಿ ಓದು ಬಿಡಲಿಲ್ಲ.

ಅಲ್ಲಿಯ ಧರ್ಮಸಭೆಯ ವಿಚಾರವನ್ನೂ ಹೇಳಬೇಕು. ಸೇಂಟ್ ಲೂಯಿಸ್‌ನ ಮಹಾಧರ್ಮಾಧ್ಯಕ್ಷ ಜೋಸೆಫ್ ರಿಟ್ಟರ್ 1947ರಲ್ಲಿಯೇ, ನ್ಯಾಯಾಲಯಕ್ಕಿಂತ ಏಳು ವರ್ಷ ಮೊದಲು, ತಮ್ಮ ಕಥೋಲಿಕ ಶಾಲೆಗಳಲ್ಲಿ ವರ್ಣಭೇದವನ್ನು ಕೊನೆಗೊಳಿಸಿದರು. ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷ ಜೋಸೆಫ್ ರಮ್ಮೆಲ್ 1962ರಲ್ಲಿ ಅದೇ ಹೆಜ್ಜೆಯಿಟ್ಟು, ಬಹಿರಂಗವಾಗಿ ಅಡ್ಡಿಪಡಿಸಿದ ಮೂವರನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ಗುರುಮಠದಲ್ಲಿ ನಾವು ಟ್ರೆಂಟ್ ಮಹಾಸಭೆಯ ವರ್ಷಗಳನ್ನು ಬಾಯಿಪಾಠ ಮಾಡಿದ್ದೆವು. ಇದು ಯಾವ ಪರೀಕ್ಷೆಗೂ ಬರಲಿಲ್ಲ.

ಇಷ್ಟೆಲ್ಲದರ ಫಲವೇನು? ಬರ್ಕ್ಲಿಯ ಅರ್ಥಶಾಸ್ತ್ರಜ್ಞ ರಕ್ಕರ್ ಜಾನ್ಸನ್ ಅಂದಿನ ಮಕ್ಕಳ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿ 2019ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬೆರೆತ ಶಾಲೆಗಳಲ್ಲಿ ಹೆಚ್ಚು ವರ್ಷ ಕಳೆದ ಕರಿಯ ಮಕ್ಕಳು ಹೆಚ್ಚು ಓದಿದರು, ಹೆಚ್ಚು ಸಂಪಾದಿಸಿದರು, ಸೆರೆಮನೆ ಸೇರಿದವರು ಕಡಿಮೆ, ನಡುವಯಸ್ಸಿನಲ್ಲಿ ಅವರ ಆರೋಗ್ಯವೂ ಉತ್ತಮವಾಗಿತ್ತು. ಬಿಳಿಯ ಮಕ್ಕಳಿಗೆ ನಷ್ಟವಾಗಲಿಲ್ಲ. ಬೆರೆತ ಶಾಲೆಗೆ ಹಣವೂ ಬಂತು, ತರಗತಿಗಳು ಚಿಕ್ಕವಾದವು, ಅದರಿಂದಲೇ ಬಹುಪಾಲು ಲಾಭ ಎಂದು ಅವರು ತೋರಿಸಿದರು. ನಷ್ಟದ ಪುಟವೂ ಇದೆ. ಕರಿಯರ ಶಾಲೆಗಳನ್ನು ಮುಚ್ಚಿದಾಗ ಸುಮಾರು 38,000 ಕರಿಯ ಶಿಕ್ಷಕರು ಕೆಲಸ ಕಳೆದುಕೊಂಡರು. ಮಕ್ಕಳು ಒಳಗೆ ಬಂದರು, ಅವರ ಮೇಷ್ಟ್ರು ಹೊರಗೆ ಹೋದರು. ನಮ್ಮಲ್ಲಿ ನಡೆದದ್ದು ಇದಕ್ಕೆ ವಿರುದ್ಧವಾದದ್ದು. 1950ರ ಸಂವಿಧಾನದ ಮೀಸಲಾತಿಯಿಂದಾಗಿ ಕೇರಿಯಿಂದ ಬಂದವರು ಮೇಷ್ಟ್ರಾಗಿ ಊರಿನ ಮಕ್ಕಳ ಮುಂದೆ ನಿಂತರು. ಇದನ್ನು ನಾವು ಸಾಕಷ್ಟು ಎಣಿಕೆಗೆ ತೆಗೆದುಕೊಂಡಿಲ್ಲ.

ಅಂಥ ಒಬ್ಬ ನಿವೃತ್ತ ಮೇಷ್ಟ್ರು ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನಗೆ ಪರಿಚಿತರು. ಎಂಬತ್ತು ದಾಟಿದ್ದಾರೆ. ಊರಿನ ಶಾಲೆಯಲ್ಲಿ ಅವರ ಸ್ಥಳ ಬಾಗಿಲ ಆಚೆಯ ಜಗುಲಿ. ಕೂರಲು ಮನೆಯಿಂದ ತಂದ ಗೋಣಿತಾಟು. ಸ್ಲೇಟನ್ನು ನೆಲದ ಮೇಲಿಟ್ಟು ಹಿಂದೆ ಸರಿದರೆ ಮೇಷ್ಟ್ರು ನಿಂತಲ್ಲಿಂದಲೇ ಬಗ್ಗಿ ನೋಡುತ್ತಿದ್ದರು. ನೀರನ್ನು ಬೊಗಸೆಗೆ ಮೇಲಿನಿಂದ ಹುಯ್ಯುತ್ತಿದ್ದರು. ಹುಯ್ಯುವವನು ಆಟಕ್ಕೆ ಹೋಗಿದ್ದರೆ ನೀರಿಲ್ಲ. ಮಾಧ್ಯಮಿಕ ಶಾಲೆಗೆಂದು ಪೇಟೆಗೆ ಹೋದಾಗ ಅಲ್ಲಿಯ ಮುಖ್ಯೋಪಾಧ್ಯಾಯರು ಎತ್ತರದ ಪ್ರಕಾರ ಹುಡುಗರನ್ನು ಕೂರಿಸಿದರು. ಹೀಗೆ ಕೇರಿಯ ಹುಡುಗನೂ ಗೌಡರ ಮಗನೂ ಒಂದೇ ಮಣೆಯ ಮೇಲೆ ಬಂದರು. “ಮೊದಲ ವಾರ ಅವನು ಮಣೆ ತುದೀಲಿ ಕೂತ್ಕತಿದ್ದ ಫಾದರ್, ಬಿದ್ದೇ ಹೋಗೋನು. ಆಮೇಲೆ ಲೆಕ್ಕದ ಪರೀಕ್ಷೆ ಬಂತು. ತಾನಾಗೇ ಹತ್ರ ಸರಕೊಂಡ” ಎಂದು ಹೇಳಿ ಅವರು ನಕ್ಕರು.

ಅವರಿಬ್ಬರ ಸ್ನೇಹ ಅರವತ್ತು ವರ್ಷ ಬಾಳಿತು. ಆದರೆ ಗೌಡರ ಮನೆಯಲ್ಲಿ ಮೇಷ್ಟ್ರ ಕಾಫಿಯ ಲೋಟ ಬೇರೆಯಾಗಿಯೇ ಇತ್ತು. ಗೆಳೆಯನ ತಾಯಿ ತೀರಿಕೊಂಡ ಮೇಲೆ ಆ ಲೋಟ ಕಾಣಿಸದಾಯಿತಂತೆ. ಗೆಳೆಯನ ಮಗನಿಗೆ ಅಂಥ ಲೋಟವೊಂದಿತ್ತೆಂಬುದೇ ಗೊತ್ತಿಲ್ಲ. ಮಣೆಯ ಪರಿಣಾಮ ಹೀಗೆ ಎರಡು ತಲೆಮಾರು ದಾಟಿ ಬರುವಂಥದ್ದು. ಈ ಪತ್ರಿಕೆಯನ್ನು ಓದುತ್ತಿರುವ ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಕೆಲವರ ಅಜ್ಜಂದಿರೂ ಅಂಥದೇ ಜಗುಲಿಯಿಂದ ಎದ್ದು ಬಂದವರು. ಅವರು ಮನೆಯಲ್ಲಿ ಇದನ್ನು ಹೇಳಿರಲಾರರು, ಕೇಳಿ ನೋಡಿರಿ.

ಆ ಮೇಷ್ಟ್ರ ಊರಿನ ಶಾಲೆಯಲ್ಲಿ ಇಂದು ಜಗುಲಿಯ ಮೇಲೆ ಕೂರಬೇಕಾದವರು ಯಾರೂ ಇಲ್ಲ. ಗೌಡರ ಮೊಮ್ಮಕ್ಕಳು ವ್ಯಾನಿನಲ್ಲಿ ಹೋಗುತ್ತಾರೆ. ಅವರನ್ನು ದೂಷಿಸುವುದು ಸುಲಭ, ಆದರೆ ಸರಿಯಲ್ಲ. ಸರ್ಕಾರಿ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಶಿಕ್ಷಕರಿದ್ದರೆ ಯಾವ ತಾಯಿ ತಾನೇ ನಿಶ್ಚಿಂತೆಯಿಂದಿರುತ್ತಾಳೆ? ಕೇರಿಯಲ್ಲಿಯೂ ಸ್ವಲ್ಪ ಕೈಕಾಸು ಕಂಡವರು ಮೊದಲು ಮಾಡುವುದು ವ್ಯಾನಿನ ಬಾಡಿಗೆಯ ಲೆಕ್ಕವನ್ನೇ. ಆದರೆ ಕಾರಣ ಯಾವುದೇ ಇರಲಿ, ಫಲ ಮಾತ್ರ ಒಂದೇ. ಕೆಲವೊಮ್ಮೆ ಎರಡು ಕಾರಣಗಳು ಒಂದರ ಹಿಂದೆ ಒಂದು ಅಡಗಿಕೊಳ್ಳುತ್ತವೆ. 2025ರ ಜೂನಿನಲ್ಲಿ ನೆರೆಯ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬಿಸಿಯೂಟಕ್ಕೆ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದ ಮೇಲೆ 22 ಮಕ್ಕಳಲ್ಲಿ ಒಬ್ಬರನ್ನುಳಿದು ಮಿಕ್ಕವರೆಲ್ಲ ಶಾಲೆ ಬಿಟ್ಟರೆಂದು ವರದಿಯಾಯಿತು. ಪಾಠ ಸರಿಯಿಲ್ಲ, ಅದಕ್ಕೇ ಬಿಡಿಸಿದೆವು ಎಂದು ಪಾಲಕರು ಹೇಳಿದರೆಂದೂ ಬಂತು. ಅದು ಸುಳ್ಳೇ ಇರಬೇಕೆಂದಿಲ್ಲ. ಪಾಠದ ಕೊರತೆ ಅಡುಗೆಯ ದಿನವೇ ಎಲ್ಲರಿಗೂ ಒಮ್ಮೆಗೇ ಕಂಡಿತೇ ಎಂಬುದಷ್ಟೇ ನನ್ನ ಸಂದೇಹ.

ಇದನ್ನು ತಡೆಯಲು ಕಾನೂನು ಯತ್ನಿಸಿತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಖಾಸಗಿ ಶಾಲೆಯ ಆರಂಭದ ತರಗತಿಯಲ್ಲಿ ಕಾಲುಭಾಗ ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಮೀಸಲಿರಿಸಿತು. ಅದರಿಂದ ಸಿರಿವಂತ ಮಕ್ಕಳಿಗೆ ಏನಾಗುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ದೆಹಲಿಯ ಶಾಲೆಗಳಲ್ಲಿ ಪರೀಕ್ಷಿಸಿದ್ದಾರೆ. ಅಲ್ಲಿ ಇಂಥದೊಂದು ನಿಯಮ ಕಾಯ್ದೆಗೂ ಮೊದಲೇ ಜಾರಿಯಲ್ಲಿತ್ತು. ಬಡ ಸಹಪಾಠಿಗಳೊಡನೆ ಓದಿದ ಸಿರಿವಂತ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟದ ತಂಡ ಕಟ್ಟಲು ಹೇಳಿದಾಗ ವೇಗವಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನವಾಗಿ ಓಡುವ ತಮ್ಮವನನ್ನು ಆರಿಸುವುದು ಅವರಲ್ಲಿ ಕಡಿಮೆಯಾಗಿತ್ತು. ಇಂಗ್ಲಿಷಿನ ಅಂಕದಲ್ಲಿ ತುಸು ಇಳಿಕೆ, ಹಿಂದಿ ಮತ್ತು ಗಣಿತದಲ್ಲಿ ವ್ಯತ್ಯಾಸವಿಲ್ಲ. ಆ ತುಸು ಇಳಿಕೆಯನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ. ಅಷ್ಟು ಬೆಲೆ ಕೊಡಬಹುದೇ ಎಂಬುದನ್ನು ಪ್ರತಿ ಮನೆಯೂ ನಿರ್ಧರಿಸಬೇಕು.

ಕರ್ನಾಟಕದಲ್ಲಿ ಈ ಬಾಗಿಲು ಈಗ ಬಹುಮಟ್ಟಿಗೆ ಮುಚ್ಚಿದೆ. ಸಮೀಪದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸ್ಥಾನ ಕೊಡಬೇಕಾಗಿಲ್ಲ ಎಂದು 2018ರ ಡಿಸೆಂಬರಿನಲ್ಲಿ ನಿಯಮ ತಿದ್ದುಪಡಿಯಾಯಿತು. ನಮ್ಮ ಶಾಲೆಗಳಿಗಂತೂ ಆ ಬಾಧ್ಯತೆ ಅದಕ್ಕಿಂತ ಮೊದಲೇ ಹೋಗಿತ್ತು. ಅಲ್ಪಸಂಖ್ಯಾತರು ಅನುದಾನವಿಲ್ಲದೆ ನಡೆಸುವ ಶಾಲೆಗಳನ್ನು ಸುಪ್ರೀಂ ಕೋರ್ಟು 2012ರಲ್ಲಿಯೂ, ಎಲ್ಲ ಅಲ್ಪಸಂಖ್ಯಾತ ಶಾಲೆಗಳನ್ನು 2014ರಲ್ಲಿಯೂ ಕಾಯ್ದೆಯಿಂದ ಹೊರಗಿಟ್ಟಿತು. ನಮ್ಮ ಸಂಸ್ಥೆಗಳನ್ನು ನಾವೇ ನಡೆಸಿಕೊಳ್ಳುವ ಹಕ್ಕು ಅಮೂಲ್ಯವಾದದ್ದು. ಅದನ್ನು ಬಿಟ್ಟುಕೊಡಬೇಕೆಂದು ನಾನು ಹೇಳುವವನಲ್ಲ. ಆದರೆ ಕಾನೂನು ಕೇಳದಿದ್ದುದನ್ನು ನಾವಾಗಿ ಕೊಡಬಾರದೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿ, ಜಾತಿಯ ಭೇದ ನಮ್ಮೊಳಗೂ ಇದೆಯೆಂದು ಒಪ್ಪಿಕೊಂಡೇ ಆರಂಭವಾಗುತ್ತದೆ. ಅದರ ಪ್ರತಿ ಪ್ರತಿಯೊಂದು ಗುರುನಿವಾಸದ ಕಪಾಟಿನಲ್ಲಿಯೂ ಇರಬೇಕು.

ಈ ನಾಲ್ಕು ತಾಲ್ಲೂಕುಗಳಲ್ಲೊಂದರಲ್ಲಿ ನಮ್ಮವರೇ ನಡೆಸುವ ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿ ಈ ವರ್ಷ ಒಂದು ಪ್ರಸ್ತಾಪ ಬಂದಿದೆ. ಒಂದನೆಯ ತರಗತಿಯಲ್ಲಿ ಹತ್ತಿರದ ಎ.ಕೆ. ಕಾಲೊನಿಯ ಮಕ್ಕಳಿಗೆ ಶುಲ್ಕವಿಲ್ಲದೆ ಆರು ಸ್ಥಾನ. ಅವರನ್ನು ಬೇರೆ ವಿಭಾಗದಲ್ಲಿ ಅಲ್ಲ, ಎಲ್ಲರ ನಡುವೆ ಎತ್ತರದ ಪ್ರಕಾರ ಕೂರಿಸುವುದು. ವ್ಯಾನು ಕಾಲೊನಿಯ ಮುಂದೆಯೂ ನಿಲ್ಲುವುದು. ಹಣದ ಪ್ರಶ್ನೆ ಬೇಗ ಬಗೆಹರಿಯಿತು. ಇಬ್ಬರು ಹಳೆಯ ವಿದ್ಯಾರ್ಥಿಗಳು ಆ ಭಾರ ಹೊರಲು ಮುಂದೆ ಬಂದರು. ಆಗ ಸದಸ್ಯರೊಬ್ಬರು, ಯಾವ ದುರುದ್ದೇಶವೂ ಇಲ್ಲದೆ, ಶಾಲೆಯ ಹಿತಕ್ಕಾಗಿಯೇ ಕೇಳಿದರು: “ಉಳಿದ ಪೋಷಕರು ಮಕ್ಕಳನ್ನ ಬಿಡಿಸ್ಕೊಂಡು ಬೇರೆ ಕಡೆ ಹೋದ್ರೆ ಏನ್ಮಾಡೋದು ಫಾದರ್?” ಮುಂಬಯಿ ಸರ್ಕಾರದ 1856ರ ಲೆಕ್ಕಾಚಾರ ಅದು, ಮಾತಿಗೆ ಮಾತು ಅಲ್ಲದಿದ್ದರೂ ಅರ್ಥಕ್ಕೆ ಅರ್ಥ. ನಾನು ಧಾರವಾಡದ ಹುಡುಗನ ಕಥೆಯನ್ನು ಸಭೆಗೆ ಹೇಳಿದೆ. ಕೆಲವರು ತಲೆದೂಗಿದರು, ಕೆಲವರು ಗಡಿಯಾರ ನೋಡಿದರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಸುದ್ದಿ ಹೇಗೆ ಹರಡಿತೋ ಏನೋ, ಕಾಲೊನಿಯಿಂದ ಈಗಾಗಲೇ ಎರಡು ಅರ್ಜಿಗಳು ಬಂದಿವೆ. ಒಂದರಲ್ಲಿ ತಂದೆಯ ಉದ್ಯೋಗ ಎಂಬಲ್ಲಿ ಗಾರೆ ಕೆಲಸ ಎಂದಿದೆ. ಇನ್ನೊಂದರಲ್ಲಿ ತಾಯಿಯ ಉದ್ಯೋಗ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆ ಸಹಾಯಕಿ. ಸಭೆ ಈ ತಿಂಗಳ ಕೊನೆಯ ಭಾನುವಾರ, ಎರಡನೆಯ ಬಲಿಪೂಜೆಯ ನಂತರ.